ಕಿವಿ ಮೇಷ್ಟ್ರ ವರ್ಷದ ಪಟ್ಟಿ

ನಮ್ಮ ಭಾವನಿಗೆ ಆಸ್ಪತ್ರೆಯಲ್ಲಿ ಕಿವಿ ಮೇಷ್ಟ್ರು ಎಂದು ಹೆಸರು. ಅವರು ಯಾರ ಕಿವಿಯನ್ನೂ ಹಿಂಡಿದವರಲ್ಲ. ಕಿವಿ, ಮೂಗು, ಗಂಟಲಿನ ವಿಭಾಗಕ್ಕೆ ಬಂದವರಿಗೆ ಎಷ್ಟು ಕೇಳಿಸುತ್ತದೆ, ಎಷ್ಟು ಕೇಳಿಸುವುದಿಲ್ಲ ಎಂದು ಯಂತ್ರದಲ್ಲಿ ಅಳೆದು, ನಕ್ಷೆ ಬರೆದು ಡಾಕ್ಟರಮ್ಮನಿಗೆ ಕಳಿಸುವುದು ಅವರ ಕೆಲಸ. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ. ಊರಿನ ಅರ್ಧ ಜನ ಅವರ ಕೈಗೆ ಕಿವಿ ಕೊಟ್ಟಿದ್ದಾರೆ. ಅವರ ಮಾತಿಗೆ ಕಿವಿ ಕೊಟ್ಟವರನ್ನು ಮಾತ್ರ ಇನ್ನೂ ಹುಡುಕಬೇಕು.

ಉತ್ಪ್ರೇಕ್ಷೆಯಲ್ಲ. ಕಿಟಕಿಗೆ ಯಾವ ಬಣ್ಣದ ಪರದೆ, ರಜೆಗೆ ಎಲ್ಲಿಗೆ ಪ್ರಯಾಣ, ಮಗಳು ಏನು ಓದಬೇಕು, ಎಲ್ಲವನ್ನೂ ನಮ್ಮಕ್ಕ ತೀರ್ಮಾನಿಸಿ ಆಮೇಲೆ "ನೀವೇನಂತೀರಿ?" ಎನ್ನುತ್ತಾಳೆ. ಅವರು ಏನಾದರೂ ಅನ್ನುವ ಹೊತ್ತಿಗೆ ಪರದೆ ನೇತಾಡುತ್ತಿರುತ್ತದೆ. ಆಸ್ಪತ್ರೆಯಲ್ಲೂ ಅಷ್ಟೇ, ನಕ್ಷೆ ಇವರದು, ನಿರ್ಧಾರ ಡಾಕ್ಟರಮ್ಮನದು. ಭಾವನ ಮಾತೇ ಕೊನೆಯ ಮಾತಾಗುವುದು ವರ್ಷಕ್ಕೆ ಒಂದು ಸಲ, ಒಂದು ಹಾಳೆಯ ಮೇಲೆ. ಡಿಸೆಂಬರ್ ಮೂರನೇ ವಾರ ಅವರ ಮೆಚ್ಚಿನ ಹತ್ತು ಆಲ್ಬಂಗಳ ಪಟ್ಟಿ ಕ್ಯಾಂಟೀನಿನ ನೋಟಿಸ್ ಬೋರ್ಡು ಹತ್ತುತ್ತದೆ. ಒಂದರಿಂದ ಹತ್ತರವರೆಗೆ ಸ್ಥಾನ, ಪ್ರತಿಯೊಂದರ ಪಕ್ಕ ಒಂದೆರಡು ಸಾಲಿನ ಷರಾ. ಇಪ್ಪತ್ತೆರಡು ವರ್ಷದಿಂದ ಹೀಗೇ. ಎಕ್ಸ್‌ರೇ ವಿಭಾಗದವರು ಅದರದ್ದೇ ಒಂದು ಫೋಟೋ ತೆಗೆದುಕೊಳ್ಳುತ್ತಾರೆ. ಬಟ್ಟೆ ಒಗೆಯುವ ವಿಭಾಗದ ಹೆಂಗಸು ಮೊದಲ ಮೂರನ್ನು ಮರುಮಾತಿಲ್ಲದೆ ಕೇಳುತ್ತಾಳೆ. ವರ್ಗವಾಗಿ ಹೋದ ನರ್ಸೊಬ್ಬರು ಈಗಲೂ ಫೋನ್ ಮಾಡಿ "ಪಟ್ಟಿ ಬಂತಾ ಮೇಷ್ಟ್ರೇ?" ಎನ್ನುತ್ತಾರೆ. ಆ ವಾರ ಭಾವ ಕ್ಯಾಂಟೀನಿನಲ್ಲಿ ನಡೆಯುವ ನಡಿಗೆಯೇ ಬೇರೆ.

ಪಟ್ಟಿಗೆ ಕಾನೂನು ಉಂಟು. ಪ್ರತಿ ಆಲ್ಬಂ ಮೂರು ಸಲ ಕೇಳಬೇಕು, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಅದೇ ಕ್ರಮದಲ್ಲಿ. ಬೇಸರವಾಯಿತೆಂದು ಯಾವ ಹಾಡನ್ನೂ ಹಾರಿಸುವಂತಿಲ್ಲ. ಮೂರನೇ ಸಲ ಊಟದ ಬಿಡುವಿನಲ್ಲಿ, ತಮ್ಮ ಸ್ವಂತ ಹೆಡ್‌ಫೋನ್ ಹಾಕಿಕೊಂಡು, ಗೂಡಿನಲ್ಲಿ ಕೂತು ಕೇಳಬೇಕು. ಗೂಡು ಎಂದರೆ ಕಿವಿ ಪರೀಕ್ಷೆಯ ಕೋಣೆ. ದಪ್ಪ ಗೋಡೆ, ಮೆತ್ತನೆಯ ಒಳಪದರ, ಫ್ರಿಜ್ಜಿನಂಥ ಬಾಗಿಲು, ಯಂತ್ರವಿರುವ ಆಚೆ ಕೋಣೆಗೆ ಕಾಣುವಂತೆ ಒಂದು ಗಾಜಿನ ಕಿಟಕಿ. ನಾನು ಓದಿದ ಕಾನ್ವೆಂಟಿನ ಪ್ರಾರ್ಥನಾ ಕೋಣೆಯಲ್ಲೂ ಅಷ್ಟು ಮೌನವಿರಲಿಲ್ಲ. ಅಲ್ಲಿ "ಸೈಲೆನ್ಸ್!" ಎಂದು ಸಿಸ್ಟರ್ ಕೂಗುತ್ತಲೇ ಇರುತ್ತಿದ್ದರು.

ಈ ವರ್ಷ ಮಾತ್ರ ಭಾವ ಜನವರಿಯಿಂದಲೇ ಸಿಡಿಮಿಡಿ. ಭಾನುವಾರ ಊಟಕ್ಕೆ ಹೋದರೆ ಅನ್ನಕ್ಕಿಂತ ಮೊದಲು ಅವರ ದೂರು ಬಡಿಸಿಯಾಗಿರುತ್ತಿತ್ತು.

"ಇವರಿಗೆಲ್ಲ ಏನಾಗಿದೆ ಈ ವರ್ಷ? ಬಾಯಿಗೆ ಬಟ್ಟೆ ತುರುಕ್ಕೊಂಡು ಹಾಡ್ತಾರೆ. ಹೊಳಪೇ ಇಲ್ಲ. ಕಂಬಳಿ ಹೊದಿಸಿ ರೆಕಾರ್ಡ್ ಮಾಡಿದ ಹಾಗಿದೆ."

"ಚಳಿ ಇರಬೇಕು ಪಾಪ," ಎಂದಳು ಅಕ್ಕ.

ಅವರ ನೋಟ್‌ಬುಕ್ಕಿನ ಷರಾಗಳನ್ನು ನಾನೇ ನೋಡಿದ್ದೇನೆ. ಮಾರ್ಚ್: "ಮಂಕು." ಏಪ್ರಿಲ್: "ಇದೂ ಮಂಕು." ಜೂನ್: "ತಾಳದ ತಟ್ಟೆಗಳನ್ನು ರಟ್ಟಿನಲ್ಲಿ ಮಾಡಿಸಿದ್ದಾರೆಯೇ?" ಹಾಡಿನಲ್ಲಿ ಭಾವ ತುಂಬುವುದು ಹಾಡುವವರ ಕರ್ಮ. ನಮ್ಮ ಭಾವ ತುಂಬುತ್ತಿದ್ದದ್ದು ಬರೀ ಕೋಪ.

ಎರಡನೇ ಸಿಟ್ಟು ಹೆಡ್‌ಫೋನ್ ಕಂಪನಿಯ ಮೇಲೆ. ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ, ಪರೀಕ್ಷೆಯ ಯಂತ್ರ ಸರಿಯಿದೆಯೇ ಎಂದು ಅದರ ಹೆಡ್‌ಫೋನನ್ನು ತಮ್ಮ ಕಿವಿಗೇ ಹಾಕಿಕೊಂಡು ತಗ್ಗಿನ ಸದ್ದಿನಿಂದ ಕೀರಲು ಸದ್ದಿನವರೆಗೆ ಒಂದೊಂದಾಗಿ ಕೇಳಿ ನೋಡುವುದು ಅವರ ದಿನದ ನೇಮ. ಈ ವರ್ಷ ಕೊನೆಯ ಕೀರಲು ಸದ್ದು ಬರಬರುತ್ತಾ ಕ್ಷೀಣವಾಗುತ್ತಿತ್ತು. ಭಾವ ಹೆಡ್‌ಫೋನನ್ನು ರಿಪೇರಿಗೆ ಕಳಿಸಿದರು. ಕಂಪನಿ ಹಿಂದಕ್ಕೆ ಕಳಿಸಿತು: "ದೋಷ ಕಂಡುಬಂದಿಲ್ಲ." ಮತ್ತೆ ಕಳಿಸಿದರು. ಮತ್ತೆ ಅದೇ ಉತ್ತರ. ಮೂರನೇ ಸಲ ಎರಡು ಪುಟದ ಬೈಗುಳ ಲಗತ್ತಿಸಿ ಕಳಿಸಿದರು. ಕಂಪನಿ ಹೊಸ ಜೋಡಿಯನ್ನೇ ಕೊಟ್ಟುಬಿಟ್ಟಿತು. ಅದೂ ಹಾಗೇ ಕ್ಷೀಣ.

"ಹೊಸದನ್ನೂ ಕೆಟ್ಟದ್ದೇ ಕಳಿಸಿದಾರೆ ನೋಡು! ಎಂಥಾ ಕಳ್ಳರು!"

ಇಷ್ಟೆಲ್ಲ ಮಂಕಿನ ಮಧ್ಯೆ ಒಂದೇ ಒಂದು ಆಲ್ಬಂ ಅವರನ್ನು ಉಳಿಸಿತು. ಯಾರೋ ಹೊಸಬಳು, ಒಂದು ತಂತಿವಾದ್ಯ ಇಟ್ಟುಕೊಂಡು ಹಾಡಿದ ಒಂಬತ್ತು ಹಾಡುಗಳು. ಅದನ್ನು ಮೂರಲ್ಲ, ಹದಿನಾಲ್ಕು ಸಲ ಕೇಳಿದರು. ಡಿಸೆಂಬರಿನಲ್ಲಿ ಪಟ್ಟಿ ಬೋರ್ಡಿಗೆ ಬಿದ್ದಾಗ ಒಂದನೇ ಸ್ಥಾನದ ಪಕ್ಕ ಹೀಗೆ ಬರೆದಿದ್ದರು: "ಬರೀ ಗಂಟಲು, ಬರೀ ತಂತಿ. ಮಧ್ಯೆ ಬೇರೇನೂ ಇಲ್ಲ. ಸುಮ್ಮನಿರುವುದು ಹೇಗೆಂದು ಗೊತ್ತಿರುವ ಏಕೈಕ ಆಲ್ಬಂ."

ಮಧ್ಯಾಹ್ನಕ್ಕೇ ತಕರಾರು ಬಂತು. ತಂದವನು ಆಸ್ಪತ್ರೆಯ ಔಷಧಿ ಅಂಗಡಿಯಾತ. ಅವನನ್ನು ಎಲ್ಲರೂ ಮಾತ್ರೆ ಎನ್ನುತ್ತಾರೆ. ಸಂಜೆ ಹೊತ್ತು ತಬಲಾ ಬಾರಿಸುವುದರಿಂದ ಎರಡು ಬಗೆಯ ಮಾತ್ರೆ ಎಣಿಸುವುದೂ ಅವನ ಕಸುಬೇ. ಭಾವ ಮನೆಯಲ್ಲಿ ಬಿಟ್ಟುಬಂದ ಕನ್ನಡಕ ಕೊಡಲು ನಾನೂ ಅಕ್ಕನೂ ಆಗಷ್ಟೇ ಕ್ಯಾಂಟೀನಿಗೆ ಹೋಗಿದ್ದೆವು.

"ಮೇಷ್ಟ್ರೇ, ಒಂದನೇದು ಕೇಳಿದೀರೋ, ಇಲ್ಲ ಹಾಗೇ ಬರೆದ್ರೋ?"

"ಹದಿನಾಲ್ಕು ಸಲ ಕೇಳಿದೀನಿ ಕಣಯ್ಯ."

"ಮತ್ತೆ 'ಬೇರೇನೂ ಇಲ್ಲ' ಅಂತ ಬರೆದಿದೀರಿ? ಮೂರನೇ ಹಾಡಿಂದ ಕೊನೇ ತನಕ ಸಣ್ಣ ಸಣ್ಣ ಗಂಟೆಗಳು ಕಿಣಿ ಕಿಣಿ ಅಂತಾನೇ ಇರ್ತವಲ್ಲ."

"ಯಾವ ಗಂಟೆ?"

"ಯಾವ ಗಂಟೆ ಅಂದ್ರೆ? ಇಪ್ಪತ್ತನಾಲ್ಕು ಗಂಟೆ!"

"ನಿನ್ನ ಫೋನು ಬಡ್ಕೊಂಡಿರಬೇಕು."

ಊಟ ಅರ್ಧಕ್ಕೇ ಬಿಟ್ಟು ಗೂಡಿಗೆ ಹೋದೆವು. ಒಳಗೆ ಎರಡೇ ಜನಕ್ಕೆ ಜಾಗ. ಭಾವ ತಮ್ಮ ಹೆಡ್‌ಫೋನ್ ಹಾಕಿಕೊಂಡು ಮೂರನೇ ಹಾಡು ಹಚ್ಚಿದರು. ಮಾತ್ರೆ ಮತ್ತೊಂದು ಜೋಡಿ ಸಿಕ್ಕಿಸಿಕೊಂಡ. ಗಾಜಿನಾಚೆಯಿಂದ ನಮಗೆ ಕಂಡದ್ದು ಇಷ್ಟು: ಮಾತ್ರೆಯ ಬೆರಳು ಗಂಟೆ ಬಂದಲ್ಲೆಲ್ಲ ಗಾಳಿಯಲ್ಲಿ ಚುಕ್ಕಿ ಇಡುತ್ತಿದೆ, ಭಾವ ಅವನ ಬೆರಳನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ಕೊನೆಗೆ ಬಾಗಿಲು ತೆರೆದು ಅಕ್ಕನನ್ನು ಕರೆದರು.

"ಬಾ ಇಲ್ಲಿ, ನೀನು ಕೇಳು. ಇವನು ನನ್ನ ಕಿವಿಗೆ ಹೂ ಇಡ್ತಿದಾನೆ."

ಅಕ್ಕ ಭಾವನ ಹೆಡ್‌ಫೋನ್ ಹಾಕಿಕೊಂಡು ಕೂತು ಕೇಳಿದಳು. ಅರ್ಧ ನಿಮಿಷವೂ ಆಗಿರಲಿಲ್ಲ.

"ಗಂಟೆ ಇದೆ ರೀ. ಚೆನ್ನಾಗೇ ಕೇಳಿಸ್ತಿದೆ."

"ಇಬ್ರೂ ಸೇರ್ಕೊಂಡಿದೀರಿ!"

"ನಂಗ್ಯಾಕೆ ಬೇಕು ರೀ ನಿಮ್ಮ ಗಂಟೆ?"

ಭಾವ ಕಪಾಟಿನಿಂದ ಫೈಲು ತೆಗೆದು, ಕಂಪನಿಯ ಮೂರೂ ಪತ್ರಗಳನ್ನು ಮೇಜಿನ ಮೇಲೆ ಹರಡಿದರು. "ನೋಡಿ. ಹೆಡ್‌ಫೋನೇ ಸರಿಯಿಲ್ಲ. ವರ್ಷದಿಂದ ಬಡ್ಕೋತಿದೀನಿ. ಕೀರಲು ಸದ್ದು ಬರೋದೇ ಇಲ್ಲ."

ಅಕ್ಕ ಪತ್ರ ನೋಡಿದಳು, ಯಂತ್ರಕ್ಕೆ ನೇತುಹಾಕಿದ್ದ ಹೆಡ್‌ಫೋನ್ ನೋಡಿದಳು, ತನ್ನ ಕೈಯಲ್ಲಿದ್ದದ್ದನ್ನೂ ನೋಡಿದಳು.

"ರೀ, ಅದು ಆಸ್ಪತ್ರೇದು, ಇದು ನಿಮ್ಮದು. ಎರಡೂ ಬೇರೆ ಅಲ್ವಾ?"

ಗೂಡಿನ ಬಾಗಿಲು ತೆರೆದೇ ಇತ್ತು. ಆದರೂ ಒಳಗಿನ ಮೌನವೆಲ್ಲ ಹೊರಗೆ ಬಂದಂತಾಯಿತು. ಮಾತ್ರೆ "ಅಂಗಡೀಲಿ ಯಾರೂ ಇಲ್ಲ" ಎಂದು ಗೊಣಗಿ ಹೊರಟುಹೋದ. ಅವನು ಅಷ್ಟು ಮೆಲ್ಲಗೆ ಬಾಗಿಲು ಎಳೆದುಕೊಂಡದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಡಾಕ್ಟರಮ್ಮನೇ ಯಂತ್ರದ ಮುಂದೆ ಕೂತರು. ಭಾವ ಗೂಡಿನೊಳಗೆ, ರೋಗಿಯ ಕುರ್ಚಿಯಲ್ಲಿ, ಕೈಯಲ್ಲಿ ಗುಂಡಿ ಹಿಡಿದು ಕೂತರು. ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಕೇಳಿಸದೆಯೇ ಒತ್ತುವ ಕಳ್ಳರೂ ಇರುತ್ತಾರೆ, ಡ್ರೈವರ್ ಕೆಲಸಕ್ಕೆ ಪ್ರಮಾಣಪತ್ರ ಬೇಕಾದವರು, ಹೊಸ ಸೊಸೆಯ ಎದುರು ಕಿವುಡರೆನಿಸಿಕೊಳ್ಳಲು ಒಲ್ಲದ ಮಾವಂದಿರು. ಅಂಥವರನ್ನು ಭಾವ ಗಾಜಿನಾಚೆಯಿಂದಲೇ ಹಿಡಿಯುತ್ತಿದ್ದರು. ಈಗ ಅವರೇ ಶುರುಮಾಡಿದರು. ಸದ್ದಿನ ಲಯ ಅವರಿಗೆ ಬಾಯಿಪಾಠ: ಒಂದು ಸದ್ದು, ಎರಡು ಉಸಿರು, ಮತ್ತೊಂದು ಸದ್ದು. ಕೀರಲು ಸದ್ದಿನ ಸರದಿ ಬಂದಾಗ ಮುಖದಲ್ಲಿ ಭಾರೀ ಏಕಾಗ್ರತೆ ತಂದುಕೊಂಡು ಲಯಕ್ಕೆ ಸರಿಯಾಗಿ ಒತ್ತಿದರು. ಮತ್ತೆ ಒತ್ತಿದರು.

ಡಾಕ್ಟರಮ್ಮ ಮೈಕಿನಲ್ಲಿ ಹೇಳಿದರು: "ಮೇಷ್ಟ್ರೇ, ನಾನಿನ್ನೂ ಸದ್ದೇ ಕೊಟ್ಟಿಲ್ಲ."

ನಕ್ಷೆ ಬಂತು. ಅರ್ಧದವರೆಗೆ ನೆಟ್ಟಗೆ ಹೋದ ಗೆರೆ ಆಮೇಲೆ ಮೆಟ್ಟಿಲಿಳಿದು ನೆಲಮಾಳಿಗೆ ಸೇರಿತ್ತು. ಭಾವ ಅದನ್ನು ಮಡಿಸಿ ಕಿಸೆಗೆ ಹಾಕಿಕೊಂಡು ಮನೆಗೆ ಬಂದವರೇ ಹಳೆಯ ಪಟ್ಟಿಗಳ ಡಬ್ಬ ತೆಗೆದು ಕೂತರು. ಹೋದ ವರ್ಷದ ಪಟ್ಟಿಯಲ್ಲಿ "ಮಂಕು" ಮೂರು ಸಲ ಇತ್ತು. ಅದರ ಹಿಂದಿನ ವರ್ಷ ಒಂದು ಸಲ. ಅದಕ್ಕೂ ಹಿಂದೆ "ಹೊಳಪು ಸಾಲದು" ಎಂದಿತ್ತು.

"ಎಲ್ಲಿಂದ ಶುರುವಾಯ್ತು ಇದು? ಯಾವ ವರ್ಷದ ತನಕ ನನ್ನ ಪಟ್ಟಿ ಸರಿ, ಯಾವಾಗಿಂದ ತಪ್ಪು?" ಎಂದು ಕೂಗಾಡಿದರು. "ಇಪ್ಪತ್ತಾರು ವರ್ಷ ಊರಿನವರ ಕಿವಿ ನೋಡಿದೆ. ಒಬ್ಬರಾದ್ರೂ ನನ್ನ ಕಿವಿ ನೋಡಬಾರದಾ?"

"ನಾನು ನೋಡಿದೀನಿ," ಎಂದಳು ಅಕ್ಕ. "ಕೂದಲು ಬೆಳೆದಿದೆ."

ಅವರು ನಗಲಿಲ್ಲ. ಅಕ್ಕ ಲೋಟ ತೊಳೆಯುವ ನೆವದಲ್ಲಿ ಒಳಗೆ ಹೋಗಿ ಬಹಳ ಹೊತ್ತು ಒಂದೇ ಲೋಟ ತೊಳೆದಳು.

ಡಾಕ್ಟರಮ್ಮ ಕಿವಿ ಮಷೀನು ಕೊಟ್ಟು ಕಳಿಸಿದ್ದರು. ಭಾವನೇ ನೂರಾರು ಜನಕ್ಕೆ ಅದನ್ನು ತೊಡಿಸಿ "ಎರಡು ವಾರ ತಡೀರಿ, ಅಭ್ಯಾಸ ಆಗುತ್ತೆ" ಎಂದು ಬೆನ್ನು ತಟ್ಟಿ ಕಳಿಸಿದವರು. ಅವರು ತಡೆದದ್ದು ಎರಡು ಗಂಟೆ. ಪೇಪರ್ ಮಡಿಸಿದರೆ ತಗಡು ಎಳೆದಂತೆ, ಅಕ್ಕ ಚಮಚ ಇಟ್ಟರೆ ಕಮ್ಮಾರನ ಅಂಗಡಿಯಂತೆ. ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅದು ಪೀ ಪೀ ಎನ್ನುತ್ತದೆಂಬುದು ಅವರಿಗೆ ಅಂದೇ ಗೊತ್ತಾದದ್ದು. ಅದಕ್ಕೂ ಅವರು ಬೈದದ್ದು ಫ್ರಿಜ್ಜಿಗೇ.

ಭಾನುವಾರ ಮಧ್ಯಾಹ್ನ, ಮಷೀನು ಹಾಕಿಕೊಂಡೇ, ಒಂಬತ್ತು ಹಾಡಿನ ಆಲ್ಬಂ ಹಚ್ಚಿದರು. ಅದು ಅವರು ಕಂಡುಹಿಡಿದ ಆಲ್ಬಂ, ಒಂದನೇ ಸ್ಥಾನ ಕೊಟ್ಟ ಆಲ್ಬಂ. ಮೊದಲ ಎರಡು ಹಾಡು ಮುಗಿದವು. ಮೂರನೆಯದು ಶುರುವಾಗುತ್ತಲೇ ಅವರ ತಲೆ ಯಾರೋ ಹೆಸರು ಹಿಡಿದು ಕರೆದಂತೆ ಪಕ್ಕಕ್ಕೆ ತಿರುಗಿತು. ಕಿಣಿ. ಕಿಣಿ ಕಿಣಿ.

ಸಂತೋಷಪಡುತ್ತಾರೆ ಎಂದುಕೊಂಡೆ. ಮುಖ ಕಪ್ಪಿಟ್ಟಿತು.

"ಹಾಳು ಮಾಡಿದಾಳೆ! ಯಾರು ಹೇಳಿದ್ದು ಇವಳಿಗೆ ಇದನ್ನ ಹಾಕು ಅಂತ? ಅಷ್ಟು ಚೆನ್ನಾಗಿ ಹಾಡ್ತಿದ್ಲು!"

"ನಂಗೆ ಆ ಗಂಟೆಗಳೇ ಇಷ್ಟ ಆಯ್ತು ರೀ," ಎಂದಳು ಅಕ್ಕ.

ಭಾವ ಮಷೀನು ಕಿತ್ತು ಮೇಜಿನ ಮೇಲಿಟ್ಟರು. ಹಾಡು ನಡೆಯುತ್ತಲೇ ಇತ್ತು. ಅವರ ಮುಖ ನಿಧಾನವಾಗಿ ಸಡಿಲವಾಯಿತು. ಅವರಿಗೆ ಗಂಟೆಗಳು ಹೋಗಿದ್ದವು, ನಮಗೆ ಇದ್ದವು. ಒಂದೇ ಕೋಣೆಯಲ್ಲಿ ಎರಡು ಆಲ್ಬಂ ನಡೆಯುತ್ತಿದ್ದವು.

"ಹಾಗಾದರೆ ಒಂದನೇ ಸ್ಥಾನ, ಭಾವ?" ಎಂದು ಕೇಳಿದೆ.

"ಅದೇ ತಲೆಕೆಟ್ಟು ಹೋಗಿದೆ ನಂಗೆ," ಎಂದರು. "ಮಷೀನು ಹಾಕ್ಕೊಂಡ್ರೆ ವರ್ಷದ ನಲವತ್ತಮೂರು ಆಲ್ಬಂನೂ ಮತ್ತೆ ಕೇಳಬೇಕು, ಅದೂ ಆ ತಗಡಿನ ಸದ್ದಲ್ಲಿ. ಹಾಕ್ಕೊಳ್ಳದಿದ್ರೆ, ನಾನು ಮೆಚ್ಚಿದ ಆಲ್ಬಂ ಯಾವ ಅಂಗಡೀಲೂ ಸಿಗಲ್ಲ. ಬಟ್ಟೆ ವಿಭಾಗದಾಕೆ ನನ್ನ ಮಾತು ನಂಬ್ಕೊಂಡು ಕೇಳ್ತಾಳೆ. ಅವಳಿಗೇನು ಹೇಳಲಿ?"

ಸೋಮವಾರ ಪಟ್ಟಿಯನ್ನು ಕಿತ್ತು ತಂದರು. ಮೂರು ದಿನ ಬೋರ್ಡಿನಲ್ಲಿ ಬರೀ ನಾಲ್ಕು ಪಿನ್ನು. ಎಕ್ಸ್‌ರೇಯವರು ಕೇಳಿದರು. ವರ್ಗವಾದ ನರ್ಸಮ್ಮ ಫೋನ್ ಮಾಡಿದರು. ಭಾವ ಎಲ್ಲರಿಗೂ "ಪ್ರಿಂಟರ್ ಕೆಟ್ಟಿದೆ" ಎಂದರು. ಯಂತ್ರದ ಮೇಲೆ ತಪ್ಪು ಹೊರಿಸುವ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

ಶುಕ್ರವಾರ ಪಟ್ಟಿ ಮತ್ತೆ ಬೋರ್ಡಿಗೆ ಬಂತು. ಅದೇ ಹತ್ತು, ಅದೇ ಕ್ರಮ. ಒಂದನೇ ಸ್ಥಾನದ ಷರಾದಲ್ಲಿ "ಮಧ್ಯೆ ಬೇರೇನೂ ಇಲ್ಲ" ಎಂಬ ಮಾತನ್ನು ಮಾತ್ರ ಕೆಂಪು ಶಾಯಿಯ ಗೀಟೆಳೆದು ಹೊಡೆದುಹಾಕಿದ್ದರು. ಮಾತ್ರೆ ಕಾಫಿ ಲೋಟ ಹಿಡಿದು ಬಂದು ಓದಿದ.

"ಒಂದನೇದು ಹಾಗೇ ಬಿಟ್ರಾ ಮೇಷ್ಟ್ರೇ?"

"ನಾನು ಕೇಳಿದ್ದರಲ್ಲಿ ಅದೇ ಒಂದನೇದು."

"ಬೇಜಾರು ಮಾಡ್ಕೋಬೇಡಿ. ನೀವು ಕೇಳಿದ್ದು ಅರ್ಧ."

"ಆ ಅರ್ಧಕ್ಕೇ ಕೊಟ್ಟಿದೀನಿ. ಉಳಿದರ್ಧ ಏನು ಮಾಡಬೇಕೋ ನೀನೇ ಮಾಡ್ಕೋ, ಹೋಗು."

ಮಾತ್ರೆ ಲೋಟವನ್ನು ಕಿಟಕಿಯ ಮೇಲಿಟ್ಟ. ಜೇಬಿನಿಂದ ಪೆನ್ನು ತೆಗೆದು, ಗೀಟು ಹಾಕಿದ ಸಾಲಿನ ಕೆಳಗೆ ಬರೆಯತೊಡಗಿದ. ಇಪ್ಪತ್ತೆರಡು ವರ್ಷದಲ್ಲಿ ಆ ಹಾಳೆಯ ಮೇಲೆ ಬೇರೆಯವರ ಅಕ್ಷರ ಬಿದ್ದಿರಲಿಲ್ಲ. ಭಾವನ ಕೈ ತಡೆಯಲೆಂದು ಮೇಲೆದ್ದು ಅರ್ಧದಲ್ಲೇ ನಿಂತಿತು. ಮಾತ್ರೆ ಬರೆದದ್ದು: "ಗಂಟೆಗಳಿವೆ. ಚೆನ್ನಾಗಿವೆ."

"'ಇವೆ' ಅಂತ ಬರಿ ಸಾಕು," ಎಂದು ಭಾವ ಗುಡುಗಿದರು. "'ಚೆನ್ನಾಗಿವೆ' ಅನ್ನೋದು ಯಾಕೆ?"

"ಅದು ನನ್ನ ಅಭಿಪ್ರಾಯ ಮೇಷ್ಟ್ರೇ."

ಕೂತವರೆಲ್ಲ ಊಟ ನಿಲ್ಲಿಸಿ ಇವರನ್ನೇ ನೋಡುತ್ತಿದ್ದರು.

"ಹಾಗಾದ್ರೆ ಕೆಳಗೆ ನಿನ್ನ ಸಹಿ ಹಾಕು," ಎಂದರು ಭಾವ. "ನಂದು ಅಂದ್ಕೊಂಡಾರು."