ಅಪ್ಪನ ಟ್ಯಾಂಕಿನ ಮುಚ್ಚಳ

ಮಗಳು ಇವತ್ತು ಶಾಲೆಗೆಂದು ಪ್ಲಾಸ್ಟಿಕ್ಕಿನ ಮನೆಯೊಂದನ್ನು ಅಂಟಿಸುತ್ತಿದ್ದಳು. ಆ ಅಂಟಿನ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಪುಟ್ಟ ಹುಡುಗಿಯಾಗಿ ಗುತ್ತಲದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿದ್ದೆ.

ಅಪ್ಪ ಸೈನ್ಯದಲ್ಲಿ ಟ್ಯಾಂಕ್ ಓಡಿಸುತ್ತಿದ್ದ. ಗಡಿಯಲ್ಲಿ ಗುಂಡಿನ ಚಕಮಕಿ ಶುರುವಾಗಿ, ಅವನ ಫೋನು ಬರುವುದೇ ನಿಂತಿತ್ತು. ಟಿವಿಯಲ್ಲಿ ವಾರ್ತೆ ಬಂದಾಗಲೆಲ್ಲ ಅವ್ವ ಸೆರಗಿನ ತುದಿ ಕಚ್ಚಿಕೊಂಡು ನಿಲ್ಲುತ್ತಿದ್ದಳು. ನನ್ನ ಅಂಜಿಕೆ ಮರೆಸಲೆಂದು ಕಾಕಾ ರಾಣೆಬೆನ್ನೂರಿನ ಆಟಿಕೆ ಅಂಗಡಿಗೆ ಕರೆದೊಯ್ದ. ಅಲ್ಲಿ ಬಿಡಿಭಾಗ ಜೋಡಿಸಿ ಮಾಡುವ, ನಮ್ಮ ಸೈನ್ಯದಲ್ಲೂ ಇರುವಂಥ ರಷ್ಯಾದ ಹಳೆಯ ಟ್ಯಾಂಕುಗಳ ಎರಡು ಡಬ್ಬಿಗಳಿದ್ದವು.

“ನಿಮ್ಮಪ್ಪಂದು ಯಾವ್ದವ್ವಾ?” ಎಂದ ಕಾಕಾ.

ಮನೆಯ ಫೋಟೋದಲ್ಲಿ ಅಪ್ಪನ ಹಿಂದಿದ್ದ ಟ್ಯಾಂಕಿನ ಒಂದು ಬದಿಗೆ ಆರು ಗಾಲಿಗಳಿದ್ದವು. ಡಬ್ಬಿಯ ಚಿತ್ರಗಳಲ್ಲಿ ಎಣಿಸಿ ನೋಡಿ, ಅಂಥದ್ದನ್ನೇ ಆರಿಸಿದೆ.

ಮನೆಯಲ್ಲಿ ಅದನ್ನು ಜೋಡಿಸುತ್ತಾ ಕಾಕಾ ತೋಪಿನ ಕೆಳಗಿನ ಪುಟ್ಟ ಕಿಂಡಿ ತೋರಿಸಿದ. “ನಿಮ್ಮಪ್ಪ ಇದರಾಗ ಇಳದ ಕುಂದರ್ತಾನ” ಎಂದವನೇ ಮುಚ್ಚಳಕ್ಕೆ ಅಂಟು ಹಚ್ಚಿ ಒತ್ತಿಬಿಟ್ಟ.

“ಕಾಕಾ, ಬೆಂಕಿ ಹತ್ತಿದ್ರ ಅಪ್ಪ ಹೆಂಗ ಹೊರಗ ಬರ್ತಾನ?”

ಅಡುಗೆಮನೆಯಿಂದ ಅವ್ವ ಚಾಕು ಹಿಡಿದು ಬಂದು ಮುಚ್ಚಳವನ್ನು ಮೀಟಿ ಕಿತ್ತಳು.

“ತಗದೇನಿ ನೋಡವ್ವಾ. ಇನ್ನ ಅಂಜಬ್ಯಾಡ.”

ಮುಚ್ಚಳವನ್ನು ಅವಳು ನನ್ನ ಅಂಗೈಯಲ್ಲಿಟ್ಟಳು.

ಅಪ್ಪ ಕೊನೆಗೂ ಬಂದ, ಒಂದು ಕಿವಿ ಕೇಳಿಸದಂತಾಗಿ. ಅಲ್ಲಿ ಏನಾಯಿತೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಹಾವೇರಿಯಲ್ಲಿ ನಮ್ಮೊಂದಿಗೇ ಇದ್ದಾನೆ. ಸ್ನಾನಕ್ಕೆ ಹೋದಾಗಲೂ ಬಾಗಿಲಿನ ಚಿಲಕ ಹಾಕುವುದಿಲ್ಲ. ಅವನು ಹೊರಗೆ ಬರುವವರೆಗೂ ಅವ್ವ ಬಾಗಿಲ ಬಳಿ ಕುಳಿತು ಏನಾದರೂ ಮಾತಾಡುತ್ತಲೇ ಇರುತ್ತಾಳೆ.