ಸೆಲಿನ್ ಬಾಯಿಯ ಬಿಸಿ ಹಿಮ

ನಾವು ಮಕ್ಕಳಾಗಿದ್ದಾಗ ಮಂಜೇಶ್ವರದಲ್ಲಿ ಚಳಿಗಾಲ ಅಂದರೆ ಬೆಳಗ್ಗೆ ಒಂದು ಗಂಟೆ ಹೊತ್ತು ಹೊದಿಕೆ ಬಿಡಲು ಮನಸ್ಸು ಬಾರದಿರುವುದು, ಅಷ್ಟೇ. ಒಂಬತ್ತಕ್ಕೆಲ್ಲ ಬೆವರು ಶುರು. ಅಂಥ ಊರಿಗೆ ಹಿಮ ತಂದವರು ನೆರೆಮನೆಯ ಸೆಲಿನ್ ಬಾಯಿ.

ಬಾಯಿ ಯಾವುದೋ ಚಳಿ ದೇಶದಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದು ಊರಿಗೆ ಮರಳಿದವರು. ಬರುವಾಗ ಒಂದು ಟ್ರಂಕು ತುಂಬ ಮಕ್ಕಳ ಚಿತ್ರಪುಸ್ತಕ ಹೊತ್ತು ತಂದಿದ್ದಾರೆ ಎಂದು ಊರಿನವರು ನಗುತ್ತಿದ್ದರು. ನಗಲಿ ಬಿಡಿ. ಡಿಸೆಂಬರಿನ ಶನಿವಾರಗಳಲ್ಲಿ ನಾವು ನಾಲ್ಕೈದು ಮಕ್ಕಳು ಅವರ ಜಗಲಿಯಲ್ಲಿ ಸೇರುತ್ತಿದ್ದೆವು. ಇಂಗ್ಲಿಷಿನ ಕಥೆಯನ್ನು ಬಾಯಿ ಕನ್ನಡದಲ್ಲಿ ಹೇಳುವುದು, ಕಥೆಗೆ ತಕ್ಕ ತಿಂಡಿ ಪಕ್ಕದಲ್ಲಿ. ಹಿಮದಡಿಯಲ್ಲಿ ಹುಳಗಳು ನಿದ್ದೆ ಹೋಗುವ ಕಥೆಗೆ ಕ್ರಿಸ್‌ಮಸ್ಸಿಗೆಂದು ಕರಿದ ಕಿಡಿಯೊ. ಹುಳದ ಹಾಗೆ ಸುರುಳಿ ಸುತ್ತಿದ ಆ ಸಿಹಿತಿಂಡಿಯನ್ನು ಸಕ್ಕರೆಪುಡಿಯಲ್ಲಿ ಹೂತಿಡುತ್ತಿದ್ದರು, ನಾವು ಬೆರಳಿನಿಂದ ಅಗೆದು ತೆಗೆಯಬೇಕು. ಹಿಮದ ಮನುಷ್ಯನ ಕಥೆಗೆ ಅಕ್ಕಿಯ ಪುಂಡಿ. ದೊಡ್ಡ ಉಂಡೆಯ ಮೇಲೆ ಚಿಕ್ಕ ಉಂಡೆ, ಕಾಳುಮೆಣಸಿನ ಕಣ್ಣು, ಕ್ಯಾರೆಟ್ ಮೂಗು, ಕಾಲಬುಡದಲ್ಲಿ ರಾಶಿ ಕಾಯಿತುರಿ. ಒಲೆಯಿಂದ ಆಗಷ್ಟೇ ಇಳಿಸಿದ್ದು, ತಲೆಯಿಂದ ಹಬೆ ಏಳುತ್ತಿತ್ತು. ನಮ್ಮದು ಮೀನು ತಿನ್ನದ ಮನೆ. ಅದಕ್ಕೆಂದೇ ಬಾಯಿ ಪುಂಡಿಗೆ ಬೇರೆ ಪಾತ್ರೆ ಇಟ್ಟಿದ್ದರು.

ಕೊನೆಯ ಪುಟ ಮುಗಿಯುವ ತನಕ ಮುಟ್ಟುವ ಹಾಗಿಲ್ಲ. ಬಾಯಲ್ಲಿ ನೀರೂರುತ್ತಿದ್ದರೂ ನಾನು ಕಣ್ಣು ಮಿಟುಕಿಸದೆ ಕೂರುತ್ತಿದ್ದೆ. ಆಕಾಶದಿಂದ ಇಂಥದ್ದು ಬೀಳುವ ಊರೂ ಉಂಟಲ್ಲ ಎಂದು ಮೈ ಜುಮ್ಮೆನ್ನುತ್ತಿತ್ತು.

ಹಿಮದ ಮನುಷ್ಯನ ಕಥೆ ಕೇಳಿದ ವಾರವೇ ಶಾಲೆಯಲ್ಲಿ ಹಿಮಾಲಯದ ಪಾಠ ಬಂತು. ಹಿಮ ಹೇಗಿರುತ್ತದೆ ಎಂದು ಟೀಚರ್ ಕೇಳಿದ್ದೇ ತಡ, ಎದ್ದು ನಿಂತೆ.

"ಬೆಳ್ಳಗೆ ಉಂಟು ಟೀಚರ್. ಬಿಸಿ ಇರ್ತದೆ. ತೆಂಗಿನಕಾಯಿ ಪರಿಮಳ ಬರ್ತದೆ."

ಇಡೀ ಕ್ಲಾಸು ನಕ್ಕಿತು. ಟೀಚರೂ ನಕ್ಕರು. ಅವತ್ತಿನಿಂದ ನನ್ನ ಹೆಸರೇ 'ಬಿಸಿ ಹಿಮ' ಆಯಿತು.

ಮುಂದಿನ ಶನಿವಾರ ನಾನು ಹೋಗಲಿಲ್ಲ. ಸಂಜೆ ಬಾಯಿಯೇ ಬೇಲಿಯ ಹತ್ತಿರ ಬಂದರು.

"ಎಂತ ಮಗಾ, ಕೋಪವಾ?"

"ನೀವು ಹೇಳಿದ್ದೆಲ್ಲ ಸುಳ್ಳು. ಇನ್ನು ನಾನು ಬರುವುದೇ ಇಲ್ಲ" ಎಂದು ಅಳುತ್ತಾ ಶಾಲೆಯ ಕಥೆ ಹೇಳಿದೆ. ಅವರೂ ನಗುತ್ತಾರೆಂದುಕೊಂಡಿದ್ದೆ. ಅವರ ಮುಖ ಬಾಡಿತು.

"ತಪ್ಪು ನನ್ನದು. ನಾಳೆ ಒಂದು ಸಲ ಬಾ. ಆಮೇಲೆ ಬೇಡವಾದ್ರೆ ಬೇಡ."

ಮರುದಿನ ಹೋದಾಗ ಶಿರಿಯದಿಂದ ಮೀನು ತರುವ ಹಮೀದಿಚ್ಚ ಬಾಯಿಯ ಅಂಗಳದಲ್ಲಿ ಪೆಟ್ಟಿಗೆ ತೆರೆದು ನಿಂತಿದ್ದರು.

"ಮೀನು ಬೇಡ, ಐಸು ಮಾತ್ರವಾ ಬಾಯಿ?"

"ಐಸು ಮಾತ್ರ ಮಾರಾಯ."

ಬೋಗುಣಿ ತುಂಬ ಪುಡಿ ಐಸು ನನ್ನ ಮುಂದೆ ಬಂತು. ಬಂಗುಡೆಯ ವಾಸನೆ ಗಪ್ಪೆಂದು ಹೊಡೆಯಿತು. ಮುಟ್ಟಿದರೆ ಅಮ್ಮನ ಕೈಯಲ್ಲಿ ಗತಿ ಏನು ಎಂದು ಗೊತ್ತಿತ್ತು. ಆದರೂ ಎರಡೂ ಕೈ ಹಾಕಿದೆ. ಮೊದಲು ಸುಟ್ಟ ಹಾಗಾಯಿತು, ಆಮೇಲೆ ಬೆರಳು ಇದೆಯೋ ಇಲ್ಲವೋ ತಿಳಿಯಲಿಲ್ಲ. ಒತ್ತಿದರೆ ಉಂಡೆಯಾಯಿತು, ಹಿಡಿದಿಟ್ಟರೆ ನೀರಾಗಿ ಮೊಣಕೈಗೆ ಇಳಿಯಿತು.

"ವಾಸನೆ ಒಂದು ಬಿಟ್ರೆ ಹೀಗೇ" ಎಂದರು ಬಾಯಿ. ತಾವೂ ಒಂದು ಹಿಡಿ ಎತ್ತಿಕೊಂಡು, "ಅಲ್ಲಿ ಮೊದಲ ಸಲ ಹಿಮ ಬಿದ್ದಾಗ ನಾನು ಹಾಸ್ಟೆಲಿನ ಕಿಟಕಿಯಲ್ಲಿ ಒಬ್ಬಳೇ ಇದ್ದೆ ಮಗಾ. ನೋಡು ಅಂತ ಹೇಳ್ಲಿಕ್ಕೆ ಪಕ್ಕದಲ್ಲಿ ಒಂದು ಜನ ಇರ್ಲಿಲ್ಲ. ಅದಕ್ಕೇ ನಿಮ್ಮನ್ನೆಲ್ಲ ಕರೆಯುವುದು" ಎಂದರು.

ಮನೆಗೆ ಬಂದಾಗ ಅಮ್ಮ ಮೂಗು ಮುಚ್ಚಿಕೊಂಡರು. "ಕೈ ಎಂತ ವಾಸನೆ?"

"ಹಿಮದ್ದು."

ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ತಲೆಯ ಮೇಲೆ ನಾಲ್ಕು ಕೊಡ ನೀರು ಸುರಿದರು. ಮುಂದಿನ ಶನಿವಾರ ಹೋಗಬೇಡ ಎಂದು ಮಾತ್ರ ಹೇಳಲಿಲ್ಲ. ನಾನು ಹೋದೆ, ಎಲ್ಲರಿಗಿಂತ ಮೊದಲು.

ಕಳೆದ ವರ್ಷ ಮಗಳ ಜೊತೆ ಮನಾಲಿಗೆ ಹೋಗಿದ್ದೆ. ಬೆಳಗ್ಗೆ ಹಿಮ ಬೀಳುತ್ತಿತ್ತು. ಫೋನಿನಲ್ಲಿ ಅದನ್ನು ನೂರು ಸಲ ಕಂಡಿರುವ ಮಗಳು ಎರಡು ಫೋಟೊ ತೆಗೆದು ಹೊದಿಕೆಯೊಳಗೆ ಸೇರಿದಳು. ನಾನು ಹೊರಗೆ ಹೋಗಿ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದೆ. ಕಾಯಿತುರಿಯ ಪರಿಮಳವಿಲ್ಲ, ಬಂಗುಡೆಯ ನಾತವೂ ಇಲ್ಲ. ಬಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಹಿಮ ಅಂಗೈಯಲ್ಲಿ ಕರಗುತ್ತಿತ್ತು, ನೋಡಿ ಎಂದು ಹೇಳಲು ಪಕ್ಕದಲ್ಲಿ ಒಂದು ಜನ ಇರಲಿಲ್ಲ.