ಮಳೆ ಬಂದರೆ ಬಾರದ ಫೈಲು

ಕಳಸದ ಎಸ್ಟೇಟಿನ ಮಳೆ ಲೆಕ್ಕ ಚಿಕ್ಕಮಗಳೂರಿನ ನಮ್ಮ ಆಫೀಸಿಗೆ ದಿನಾ ತಾನಾಗಿಯೇ ಬರಲೆಂದು ನಾನೊಂದು ಶೆಲ್ ಸ್ಕ್ರಿಪ್ಟ್, ಅಂದರೆ ಪುಟ್ಟ ಕಂಪ್ಯೂಟರ್ ಪ್ರೋಗ್ರಾಮು, ಬರೆದಿದ್ದೆ. ತೋಟದ ಲೆಕ್ಕ ಬರೆಯುವ ಅಲ್ಲಿನ ರೈಟರ್ ಬೆಳಿಗ್ಗೆ ಮಳೆಮಾಪಕ ನೋಡಿ ಕಂಪ್ಯೂಟರಿಗೆ ಹಾಕುತ್ತಿದ್ದರು. ಆ ಫೈಲನ್ನು ಅಲ್ಲಿಯ ಸರ್ವರ್‌ನಿಂದ ಇಲ್ಲಿಯ ಸರ್ವರ್‌ಗೆ ದಾಟಿಸುವುದು ಸ್ಕ್ರಿಪ್ಟಿನ ಕೆಲಸ.

ಬಿಸಿಲಿನ ದಿನಗಳಲ್ಲಿ ‘ಮಳೆ ಸೊನ್ನೆ’ ಎಂಬ ಫೈಲು ತಪ್ಪದೆ ಬರುತ್ತಿತ್ತು. ಕಾಫಿ ಹೂ ಬಿಡಲು ಬೇಕಾದ ಮಳೆಗಾಗಿ ಎಲ್ಲರೂ ಕಾಯುತ್ತಿದ್ದರು. ಅದು ಸುರಿದ ಮರುದಿನವೇ ಫೈಲು ಬರಲಿಲ್ಲ. ಅಲ್ಲಿ ನಾಲ್ಕು ಹನಿ ಬಿದ್ದರೆ ಕರೆಂಟು, ನೆಟ್ಟು, ಫೋನು ಎಲ್ಲವೂ ಹೋಗುತ್ತವೆ. ಸಿಗದಿದ್ದರೆ ಮತ್ತೆ ಪ್ರಯತ್ನಿಸು ಎಂದು ಸ್ಕ್ರಿಪ್ಟಿಗೆ ಸೇರಿಸಿದೆ. ಮುಂದಿನ ಮಳೆಗೆ ಅದು ಬೆಳಗಿನಿಂದ ಪ್ರಯತ್ನಿಸಿತು, ಬೆಳಗಿನಿಂದ ಸೋತಿತು. ಕರೆಂಟೇ ಇಲ್ಲದ ಕಡೆಗೆ ಇಲ್ಲಿಂದ ಯಾವ ಕಮಾಂಡ್ ಕೊಡಲಿ? ಕೀಬೋರ್ಡನ್ನು ಎತ್ತಿ ಕಿಟಕಿಯಾಚೆ ಎಸೆಯುವಷ್ಟು ಸಿಟ್ಟು ಬಂತು.

ಎಸ್ಟೇಟಿನ ಮಾಲೀಕರು ಬಂದು ನನ್ನ ಮೇಜಿನ ಮುಂದೆ ನಿಂತರು. “ಕಳಸದ ಫೈಲ್ ಬಂತಾ?”

“ಇಲ್ಲ ಸರ್, ಏನ್ ಮಾಡಿದ್ರೂ ಬರ್ತಿಲ್ಲ.” ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿದೆ.

ಅವರ ಮುಖ ಅರಳಿತು. “ಹಾಗಾದ್ರೆ ಒಳ್ಳೆ ಮಳೆನೇ ಆಗಿದೆ ಮಾರಾಯ! ನೀನು ಇದನ್ನ ಸರಿ ಮಾಡೋಕೆ ಮಾತ್ರ ಹೋಗ್ಬೇಡ.”